ಡ್ಯಾಶ್‌ಬೋರ್ಡ್ ಹಿಂದೆ ನೀರು ತುಳುಕುವ ಸದ್ದು: ಜೆ.ಸಿ. ರಸ್ತೆ ಬಳಿಯ ಗ್ಯಾರೇಜ್

ಬ್ರೇಕ್ ಒತ್ತಿದಾಗಲೆಲ್ಲ ಡ್ಯಾಶ್‌ಬೋರ್ಡ್ ಹಿಂದೆ ಕೊಡದಲ್ಲಿ ನೀರು ತುಳುಕಿದ ಹಾಗೆ ಸದ್ದು. ಮೊದಲು ತೋರಿಸಿದ ಕಡೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಅಂದರು. ಭಯವಾಯಿತು.

ಇಲ್ಲಿನ ಹಿರಿಯ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: "ಎಸಿ ಹಾಕಿದಾಗ ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತಾ ಸಾರ್?" ನಾನು ಗಮನಿಸಿರಲೇ ಇಲ್ಲ. ಇಂಜಿನ್ ತಣ್ಣಗಾದ ಮೇಲೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ನೋಡಿದರು, ಸರಿಯಿತ್ತು. ಅದು ಕಡಿಮೆಯಾದರೆ ಡ್ಯಾಶ್‌ಬೋರ್ಡ್ ಹಿಂದೆ ಇರುವ, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ಗೆ ಗಾಳಿ ಸೇರಿ ಗುಳುಗುಳು ಅನ್ನುತ್ತದಂತೆ. ನಮ್ಮದು ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದ್ದು. ಕೆಳಗಿನಿಂದ ಮೆಲ್ಲಗೆ ಗಾಳಿ ಊದಿದರು. ಧೂಳು, ಎಲೆಚೂರಿನ ಜೊತೆ ಎರಡು ಲೋಟ ನೀರು ಸುರಿಯಿತು. ಸದ್ದು ಮಾಯ!

ಅರ್ಧ ಗಂಟೆ, 300 ರೂಪಾಯಿ. ಸುಮ್ನೆ ಏನೂ ಬಿಚ್ಚಲಿಲ್ಲ, ಅದೇ ನನಗೆ ತುಂಬಾ ಹಿಡಿಸಿತು. ಶನಿವಾರ ಜನ ಜಾಸ್ತಿ, ಬೆಳಗ್ಗೆಯೇ ಹೋಗಿ.