ಮಷಿನ್ ಪಾಲಿಶ್‌ಗೆ ಕಾರು ಕೊಡುವವರೇ, ಮೊದಲು ತೊಳೆಯುವುದನ್ನು ನಿಂತು ನೋಡಿ

ಕಾರಿಗೆ ಮಷಿನ್ ಪಾಲಿಶ್ (ಮಷಿನ್‌ಗೆ ಹಾಕಿದ ಮೆತ್ತನೆ ಪ್ಯಾಡ್‌ನಿಂದ ಬಣ್ಣ ಉಜ್ಜಿ ಹೊಳಪು ತರುವುದು) ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಯಾವ ಮಷಿನ್, ಯಾವ ಕಾಂಪೌಂಡ್ (ಬಣ್ಣ ಉಜ್ಜುವ ಪೇಸ್ಟ್), ಎಷ್ಟು ದಿನ ಹೊಳಪು ಇರುತ್ತದೆ ಅಂತೆಲ್ಲ ಜನ ಕೇಳುತ್ತಾರೆ. ಮಷಿನ್ ಹಿಡಿಯುವ ಮುಂಚೆ ಕಾರನ್ನು ಹೇಗೆ ತೊಳೆಯುತ್ತೀರಿ ಅಂತ ಕೇಳುವವರು ಕಡಿಮೆ. ನನ್ನ ಕಾರಿನ ಬಣ್ಣ ಹಾಳಾಗಿದ್ದು ಆ ತೊಳೆಯುವ ಹಂತದಲ್ಲೇ.

ನನ್ನದು ಕಪ್ಪು ಕಾರು. ಕಪ್ಪು ಬಣ್ಣದಲ್ಲಿ ಸಣ್ಣ ಗೀರೂ ಎದ್ದು ಕಾಣುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಸುತ್ತು ಗೀರುಗಳು ಹೊಳೆಯುತ್ತಿದ್ದವು. ಅವುಗಳನ್ನು ತೆಗೆಸೋಣ ಅಂತಲೇ ಒಂದು ಡಿಟೇಲಿಂಗ್ ಅಂಗಡಿಗೆ, ಅಂದರೆ ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿಗೆ, ಕೊಟ್ಟೆ. ಅಂಗಡಿ ಚೊಕ್ಕವಾಗಿತ್ತು, ದೀಪಗಳೆಲ್ಲ ಚೆನ್ನಾಗಿದ್ದವು, ಮಾತೂ ಚೆನ್ನಾಗಿತ್ತು. ಹೆಸರು ಹೇಳುವುದಿಲ್ಲ. ಇಂಥ ಕೆಲಸ ಬೇರೆ ಕಡೆಯೂ ನಡೆಯುತ್ತದೆ, ಹಾಗಾಗಿ ಒಂದು ಹೆಸರಿನಿಂದ ನಿಮಗೆ ಜಾಸ್ತಿ ಉಪಯೋಗವಿಲ್ಲ.

ಬಿಸಿಲಲ್ಲಿ ನಿಂತು ಕಾದಿದ್ದ ಕಾರಿನ ಮೇಲೆ ಹುಡುಗ ನೇರವಾಗಿ ಸೋಪಿನ ನೀರು ಹಾಕಿದ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಲಿಲ್ಲ. ಇದ್ದದ್ದು ಒಂದೇ ಬಕೆಟ್, ಒಂದೇ ಸ್ಪಾಂಜ್. ಚಕ್ರ ಉಜ್ಜಿದ ಸ್ಪಾಂಜನ್ನೇ ಅದ್ದಿ ಬಾಗಿಲು ಉಜ್ಜಿದ, ಬಾನೆಟ್ ಉಜ್ಜಿದ, ಅದೂ ಗೋಲಗೋಲವಾಗಿ. ಒಂದು ಪಕ್ಕ ಉಜ್ಜುವಷ್ಟರಲ್ಲಿ ಇನ್ನೊಂದು ಪಕ್ಕ ಸೋಪು ಒಣಗಿ ಕಲೆ ಕಟ್ಟಿತ್ತು. ಆಮೇಲೆ ಹೆಗಲ ಮೇಲಿದ್ದ ಬಟ್ಟೆಯಲ್ಲಿ ಒರೆಸಿ, ಕನ್ನಡಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಮಷಿನ್ ಶುರು ಮಾಡಿದರು.

ನಾನು ಕೇಳಿದೆ. ಅಂಗಡಿಯವರ ಉತ್ತರ ಇದು: "ಹೇಗೂ ಪಾಲಿಶ್ ಮಾಡ್ತೀವಲ್ಲ ಸಾರ್. ತೊಳೆಯೋವಾಗ ಒಂದೆರಡು ಗೀರು ಬಿದ್ರೂ ಮಷಿನ್‌ನಲ್ಲಿ ಹೋಗುತ್ತೆ."

ಈ ಮಾತು ನಿಮ್ಮ ಕಿವಿಗೆ ಬಿದ್ದರೆ ಅಲ್ಲಿಂದ ಕಾರು ತೆಗೆದುಕೊಂಡು ಬನ್ನಿ. ಕಾರಣ ಹೇಳುತ್ತೇನೆ.

ಈಗಿನ ಕಾರುಗಳ ಬಣ್ಣದಲ್ಲಿ ಹಲವು ಪದರ ಇರುತ್ತವೆ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಫ್ಯಾಕ್ಟರಿಯಿಂದ ಬಂದ ಬಣ್ಣ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದು ಇಷ್ಟು ತೆಳುವಾದ ಈ ಪದರವೇ.

ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ. ಗೀರಿನ ಸುತ್ತ ಇರುವ ಕ್ಲಿಯರ್ ಕೋಟನ್ನು ಗೀರಿನ ತಳದವರೆಗೆ ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಅಲ್ವಾ? ಹಾಗಾಗಿ ತೊಳೆಯುವಾಗ ಹಾಕಿದ ಪ್ರತಿ ಹೊಸ ಗೀರನ್ನು ತೆಗೆಯಲು ನಿಮ್ಮ ಕಾರಿನ ಕ್ಲಿಯರ್ ಕೋಟನ್ನೇ ಖರ್ಚು ಮಾಡಬೇಕು. ಹಳೆಯ ಗೀರಿಗೆ ಸಾಕಾಗಿದ್ದ ಒಂದು ಹದವಾದ ಪಾಲಿಶ್ ಸಾಲದೆ, ಒರಟು ಪ್ಯಾಡ್, ಒರಟು ಕಾಂಪೌಂಡ್ ಬೇಕಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸರಿಯಾಗಿ ತೊಳೆಯದೆ ಉಳಿದ ಮರಳಿನ ಕಣ ಪ್ಯಾಡಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಉಜ್ಜಿದರೆ ಅದು ಒಂದು ಗೀರು ಹಾಕುತ್ತದೆ. ಮಷಿನ್‌ನ ಪ್ಯಾಡ್ ನಿಮಿಷಕ್ಕೆ ಸಾವಿರಾರು ಸಲ ಆಡುತ್ತದೆ. ಆ ಕಣ ಪ್ಯಾಡಿಗೆ ಅಂಟಿಕೊಂಡರೆ, ಪ್ಯಾಡ್ ಹೋದಲ್ಲೆಲ್ಲ ಅದೂ ಹೋಗುತ್ತದೆ. ನನ್ನ ಕಾರಿನ ಎಡ ಬಾಗಿಲಿಂದ ಹಿಂದಿನ ಫೆಂಡರ್‌ವರೆಗೆ ಒಂದೇ ತರಹದ ಸುರುಳಿ ಗೀರುಗಳ ಸಾಲು ಇದೆ. ಉಗುರು ಆಡಿಸಿದರೆ ತಗಲುತ್ತದೆ. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಪಾಲಿಶ್‌ನಲ್ಲಿ ಪೂರ್ತಿ ತೆಗೆಯಲು ಹೋಗುವುದು ಅಪಾಯ, ಅಷ್ಟು ಕ್ಲಿಯರ್ ಕೋಟ್ ಉಳಿದಿರುವುದಿಲ್ಲ.

ಕಾರು ವಾಪಸ್ ಕೊಟ್ಟ ದಿನ ಇದ್ಯಾವುದೂ ಕಾಣಲಿಲ್ಲ. ಕೆಲವು ಪಾಲಿಶ್‌ಗಳಲ್ಲಿ ಎಣ್ಣೆ ಮತ್ತು ಗೀರು ತುಂಬುವ ಫಿಲ್ಲರ್ ಇರುತ್ತವೆ. ಅವು ಗೀರನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಅದರ ಮೇಲೆ ವ್ಯಾಕ್ಸ್ ಬಳಿದರೆ ಕನ್ನಡಿಯಲ್ಲಿ ಮುಖ ನೋಡಿದ ಹಾಗೆ ಕಾಣುತ್ತದೆ. ಕೆಲವು ಸಲ ತೊಳೆದ ಮೇಲೆ ಫಿಲ್ಲರ್ ಇಳಿದು, ಬಿಸಿಲಲ್ಲಿ ಎಲ್ಲ ಆಚೆ ಬಂತು. ಕೆಲಸ ಮುಗಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒಂದು ಭಾಗ ಒರೆಸಿ ತೋರಿಸಿ ಅಂತ ಕೇಳಿ. ಎಣ್ಣೆ ಹೋಗಿ ಬಣ್ಣ ನಿಜವಾಗಿ ಹೇಗಿದೆ ಅಂತ ಗೊತ್ತಾಗುತ್ತದೆ. ಇದನ್ನು ವ್ಯಾಕ್ಸ್ ಹಾಕುವ ಮುಂಚೆಯೇ ಕೇಳಬೇಕು.

ಸರಿಯಾದ ತೊಳೆಯುವಿಕೆ ಹೇಗಿರಬೇಕು ಅಂತ ಈಗ ಬೇರೆಯೊಬ್ಬ ಅನುಭವಸ್ಥರ ಕೆಲಸ ಹತ್ತಿರದಿಂದ ನೋಡಿ ತಿಳಿದುಕೊಂಡಿದ್ದೇನೆ. ಎರಡಕ್ಕೂ ಅಜಗಜಾಂತರ.

ಕಾರು ನೆರಳಲ್ಲಿರಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಚಕ್ರಗಳನ್ನು ಮೊದಲು ಮುಗಿಸಬೇಕು, ಅದರ ಬಕೆಟ್, ಬ್ರಷ್ ಎಲ್ಲ ಬೇರೆ. ಆಮೇಲೆ ಕಾರಿನ ಮೈಗೆ ಕೈ ಹಾಕುವ ಮುಂಚೆ ನೊರೆ ಬಿಟ್ಟು ಸ್ವಲ್ಪ ಹೊತ್ತು ನೆನೆಯಲು ಬಿಡಬೇಕು, ಒಣಗುವ ಮುಂಚೆ ಮೇಲಿನಿಂದ ಕೆಳಗೆ ಪ್ರೆಶರ್ ನೀರಲ್ಲಿ ಇಳಿಸಬೇಕು. ಬಟ್ಟೆ ತಾಗದೆ ಎಷ್ಟು ಕೊಳೆ ಹೋಗುತ್ತದೋ ಅಷ್ಟೂ ಲಾಭ. ಈ ಹಂತ ಬಿಟ್ಟರೆ ಮುಂದೆ ಎಷ್ಟೇ ಜೋಪಾನ ಮಾಡಿದರೂ ಗೀರು ಬೀಳುತ್ತದೆ. ಬಣ್ಣ ಚಕ್ಕೆ ಎದ್ದ ಜಾಗ ಇದ್ದರೆ ಮಾತ್ರ ಪ್ರೆಶರ್ ನಳಿಕೆಯನ್ನು ಹತ್ತಿರ ತರಬಾರದು, ಕಿತ್ತು ಬರುತ್ತದೆ.

ಇಷ್ಟಾದ ಮೇಲೆ ಕೈಯಲ್ಲಿ ತೊಳೆಯುವುದು. ಒಂದು ಬಕೆಟ್‌ನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಜಾಲರಿ. ಒಂದು ಭಾಗ ತೊಳೆದ ತಕ್ಷಣ, ತೊಳೆಯಲು ಕೈಗೆ ಹಾಕಿಕೊಂಡ ಗ್ಲೌಸನ್ನು ಬರೀ ನೀರಲ್ಲಿ ಜಾಲಾಡಿಸಿ, ಆಮೇಲೆ ಶಾಂಪೂಗೆ ಅದ್ದಬೇಕು. ಕೊಳೆ ಜಾಲರಿಯ ಕೆಳಗೆ ಕೂರುತ್ತದೆ, ಮತ್ತೆ ಬಣ್ಣಕ್ಕೆ ಬರುವುದಿಲ್ಲ. ಚಪ್ಪಟೆ ಸ್ಪಾಂಜ್ ಬೇಡ, ಮರಳು ಅದರ ಮೇಲ್ಮೈಯಲ್ಲೇ ಕೂತು ಬಣ್ಣವನ್ನು ಉಜ್ಜುತ್ತದೆ. ಉದ್ದ ಎಳೆಯ ಮೈಕ್ರೋಫೈಬರ್ ಗ್ಲೌಸ್ ಆದರೆ ಕಣಗಳು ಎಳೆಗಳ ಒಳಗೆ ಹೋಗುತ್ತವೆ. ಮೇಲಿಂದ ಶುರು, ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕಡೆಗೆ. ಒತ್ತುವುದು ಬೇಡ, ನೇರ ಗೆರೆಯಲ್ಲಿ ಎಳೆದರೆ ಸಾಕು.

ಶಾಂಪೂ ವಿಷಯದಲ್ಲಿ ಒಂದು ಮಾತು. ವ್ಯಾಕ್ಸ್ ಸೇರಿದ, ಹೊಳಪು ಕೊಡುವ ಶಾಂಪೂ ಬೇರೆ ದಿನಕ್ಕೆ ಚೆನ್ನ. ಪಾಲಿಶ್‌ಗೆ ಮುಂಚೆ ಅದು ಬೇಡ, ಹೊಸ ಪದರ ಬಿಟ್ಟು ಗೀರುಗಳನ್ನು ಮರೆಮಾಡುತ್ತದೆ. ಹಳೆಯ ವ್ಯಾಕ್ಸನ್ನು ಕಿತ್ತು ಹಾಕುವ ಸ್ವಲ್ಪ ಖಾರವಾದ ಶಾಂಪೂ ಬೇಕು. ಅದಕ್ಕೆ ಅಂತ ಪಾತ್ರೆ ತೊಳೆಯುವ ಲಿಕ್ವಿಡ್ ಸುರಿಯುವವರಿದ್ದಾರೆ. ಅದು ಜಿಡ್ಡು ತೆಗೆಯುತ್ತದೆ ನಿಜ. ಆದರೆ ಕಾರು ಶಾಂಪೂವಿನ ಹಾಗೆ ಜಾರುವುದಿಲ್ಲ, ಹಾಗಾಗಿ ಕೊಳೆ ಬಣ್ಣದ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಇಷ್ಟು ತೊಳೆದರೂ ಕಾರು ಪಾಲಿಶ್‌ಗೆ ಸಿದ್ಧ ಅಲ್ಲ, ನಾನು ಕಾರು ಕೊಟ್ಟ ಅಂಗಡಿಯವರು ಮುಂದಿನ ಹಂತವನ್ನು ಮುಟ್ಟಲೇ ಇಲ್ಲ. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ತೊಳೆದ ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಕಣ್ಣಿಗೆ ಕಾಣದಿದ್ದರೂ ತರಿತರಿ ತಾಗುತ್ತದೆ. ಬ್ರೇಕಿನಿಂದ ಉದುರುವ ಕಬ್ಬಿಣದ ಕಣಗಳು, ಡಾಂಬರಿನ ಚುಕ್ಕೆ, ಮರದ ಅಂಟು ಕ್ಲಿಯರ್ ಕೋಟ್‌ಗೆ ಕಚ್ಚಿಕೊಂಡಿರುತ್ತವೆ. ಶಾಂಪೂಗೆ ಇವು ಬಗ್ಗುವುದಿಲ್ಲ. ಮಷಿನ್ ಓಡಿಸಿದರೆ ಕಿತ್ತು ಪ್ಯಾಡಿಗೆ ಬರುತ್ತವೆ, ಆಮೇಲಿನ ಕಥೆ ಮೇಲೆ ಹೇಳಿದ್ದೇನೆ.

ಡಾಂಬರಿಗೆ ಟಾರ್ ರಿಮೂವರ್ ಬೇರೆ ಇದೆ. ಕಬ್ಬಿಣಕ್ಕೆ ಐರನ್ ರಿಮೂವರ್. ಇದನ್ನು ಸಿಂಪಡಿಸಿದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ. ಶುಭ್ರ ಅಂದುಕೊಂಡಿದ್ದ ಕಾರಿನಿಂದ ಅಷ್ಟು ನೇರಳೆ ಇಳಿಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು, ಇಷ್ಟೂ ಕಬ್ಬಿಣದ ಮೇಲೆ ಆ ಮಷಿನ್ ಓಡಿತ್ತಲ್ಲ ಅಂತ. ವಾಸನೆ ಕೊಳೆತ ಮೊಟ್ಟೆಯದು, ಕೈಗೆ ಗ್ಲೌಸ್ ಬೇಕೇ ಬೇಕು. ಒಣಗಲು ಬಿಡದೆ ತೊಳೆಯಬೇಕು.

ಉಳಿದ ತರಿಗೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ತುಂಡು. ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ ಕ್ಲೇಯನ್ನು ಹಗುರವಾಗಿ ಓಡಿಸಬೇಕು, ಆಗಾಗ ಮಡಿಚಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಬಿಸಾಕಬೇಕು, ತೊಳೆದು ಬಳಸುವಂತಿಲ್ಲ. ಕ್ಲೇಯಿಂದ ತೀರಾ ತೆಳುವಾದ ಗೆರೆ ಬೀಳುವುದುಂಟು. ಪಾಲಿಶ್ ಹೇಗೂ ಇರುವುದರಿಂದ ಅಡ್ಡಿಯಿಲ್ಲ ಅನ್ನುವ ಮಾತು ಸಲ್ಲುವುದು ಈ ಒಂದು ಕಡೆ ಮಾತ್ರ. ಇದಾದ ಮೇಲೆ ಇನ್ನೊಮ್ಮೆ ಶಾಂಪೂ ಹಾಕಿ ತೊಳೆಯಬೇಕು.

ಒಣಗಿಸುವುದನ್ನು ಸುಮ್ನೆ ಒರೆಸುವ ಕೆಲಸ ಅಂದುಕೊಳ್ಳಬೇಡಿ. ಕನ್ನಡಿಯ ಸಂದು, ಬಾಗಿಲ ಹಿಡಿ, ಲೋಗೋ ಹಿಂದೆ, ಗಾಜಿನ ರಬ್ಬರ್ ಒಳಗೆ ನೀರು ನಿಂತಿರುತ್ತದೆ. ಮಷಿನ್ ಓಡುವಾಗ ಅದು ಇಳಿದು ಬರುತ್ತದೆ, ಬರುವಾಗ ಸಂದಿಯ ಕೊಳೆಯನ್ನೂ ತರುತ್ತದೆ. ನನ್ನ ಕಾರಿನ ಗೀರುಗಳ ಸಾಲು ಶುರುವಾಗುವುದು ಸರಿಯಾಗಿ ಎಡ ಕನ್ನಡಿಯ ಕೆಳಗೇ. ಬ್ಲೋವರ್‌ನಿಂದ ಎಲ್ಲ ಸಂದಿಗೂ ಗಾಳಿ ಬಿಟ್ಟು, ಆಮೇಲೆ ಶುಭ್ರವಾದ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಬೇಕು. ಒಣಗಿದ ಮೇಲೆ ದೀಪ ಹಿಡಿದು ನೋಡಿ, ಅಂಚುಗಳಿಗೆ, ರಬ್ಬರ್‌ಗಳಿಗೆ ಟೇಪ್ ಹಚ್ಚಿ, ಆಗ ಮಷಿನ್ ಮುಟ್ಟಬೇಕು.

ದೂರು ಹೇಳಿದಾಗ ಅಂಗಡಿಯವರು ದುಡ್ಡಿಲ್ಲದೆ ಇನ್ನೊಂದು ಸಲ ಪಾಲಿಶ್ ಮಾಡಿಕೊಡುತ್ತೇವೆ ಅಂದರು. ನಿಮಗೂ ಹೀಗೆ ಹೇಳಿದರೆ ತಕ್ಷಣ ಒಪ್ಪಬೇಡಿ. ಮೊದಲು ಬೇರೆ ಕಡೆ ಪೇಂಟ್ ಗೇಜ್ ಇಟ್ಟು ದಪ್ಪ ಅಳೆಸಿ. ಮಾಮೂಲಿ ಗೇಜ್ ಎಲ್ಲ ಪದರ ಸೇರಿಸಿ ಅಳೆಯುತ್ತದೆ, ಕ್ಲಿಯರ್ ಕೋಟ್ ಎಷ್ಟು ಅಂತ ಬೇರೆಯಾಗಿ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಒಂದೇ ಭಾಗದ ನಡು ಮತ್ತು ಅಂಚು ಹೋಲಿಸಿದರೆ ಎಲ್ಲಿ ಜಾಸ್ತಿ ಸವೆದಿದೆ ಅಂತ ಸುಳಿವು ಸಿಗುತ್ತದೆ. ನನ್ನ ಬಾಗಿಲಿನ ಮಡಿಕೆಯ ಅಂಚಿನಲ್ಲಿ ಬಂದ ಅಂಕಿ ನೋಡಿ, ಅಳೆದವರು ಅಲ್ಲಿಗೆ ಇನ್ನು ಮಷಿನ್ ತಾಗಿಸಬೇಡಿ ಅಂದರು. ಹಾಗಾಗಿ ಆ ಪುಕ್ಕಟೆ ಪಾಲಿಶ್ ನಾನು ಬೇಡ ಅಂದೆ. ಕಾರು ಕೊಡುವ ಮುಂಚೆಯೂ ಇದೇ ರೀತಿ ಅಳೆಸಿ, ಅಂಕಿಗಳ ಫೋಟೋ ತೆಗೆದು ಇಟ್ಟುಕೊಳ್ಳಿ. ತೊಳೆಯುವಾಗ ನಾನು ಪಕ್ಕದಲ್ಲೇ ಇರುತ್ತೇನೆ ಅಂತ ಮೊದಲೇ ಹೇಳಿ. ಬೇಡ ಅಂದರೆ ಕೀ ಕೊಡಬೇಡಿ.