ಅನುಮೋದನೆ ಕೈಸೇರುವ ಮೊದಲು ಟಿ.ಸಿ. ತೆಗೆದುಕೊಳ್ಳಬೇಡಿ

ಮೊದಲ ವರ್ಷ ಮುಗಿಸಿ ಕಾಲೇಜು ಬದಲಿಸಬೇಕೆಂದು ಯೋಚಿಸುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಈ ವಿಷಯದಲ್ಲಿ ಅವಸರಪಟ್ಟು ನಾನು ಒಂದು ವರ್ಷವನ್ನೇ ಕಳೆದುಕೊಂಡಿದ್ದೇನೆ.

ಸಿಇಟಿ ಮೂಲಕ ನನಗೆ ಸೀಟು ಸಿಕ್ಕಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದ, ನಮ್ಮ ಊರಿಗೆ ಹತ್ತಿರದ ಕಾಲೇಜಿನಲ್ಲಿ. ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಹೆಚ್ಚು ಬರುವುದಿಲ್ಲ ಎಂಬುದೊಂದೇ ನನ್ನ ಕೊರಗು. ಬೆಂಗಳೂರಿನ ಸ್ವಾಯತ್ತ ಕಾಲೇಜೊಂದರಲ್ಲಿ ವಿಚಾರಿಸಿದಾಗ ಕಚೇರಿಯವರು, "ಸೀಟು ಖಾಲಿ ಇದೆ, ನೀವು ಟಿ.ಸಿ. ತಂದುಬಿಡಿ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ" ಎಂದರು. ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯಿಂದ ಮುಂಗಡ ತಂದು 60,000 ರೂಪಾಯಿ ಕಟ್ಟಿದರು.

ಹಳೆಯ ಕಾಲೇಜು ಟಿ.ಸಿ. ಕೊಡಲು ಉಳಿದ ಮೂರು ವರ್ಷಗಳ ಶುಲ್ಕ ಕೇಳಿತು. ಕಾಲೇಜುಗಳು ಒಂದು ಸಲಕ್ಕೆ ಒಂದು ವರ್ಷದ ಅಥವಾ ಒಂದು ಸೆಮಿಸ್ಟರಿನ ಶುಲ್ಕವನ್ನಷ್ಟೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ 2003ರಲ್ಲೇ ಹೇಳಿರುವುದನ್ನು ತೋರಿಸಿದ ಮೇಲೆ ಅವರು ಪಟ್ಟು ಸಡಿಲಿಸಿದರು. ಆದರೆ ನಡುವೆ ಬಿಟ್ಟುಹೋಗಬಹುದಾದ ವಿದ್ಯಾರ್ಥಿಯಿಂದ, ಬಿಟ್ಟರೂ ಉಳಿದ ಶುಲ್ಕ ಕಟ್ಟುತ್ತೇನೆಂಬ ಬಾಂಡ್ ಪಡೆಯಲು ಅದೇ ತೀರ್ಪು ಅವಕಾಶ ಕೊಟ್ಟಿದೆ; ಆದ್ದರಿಂದ ಪ್ರವೇಶದ ದಿನ ನೀವು ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ಹೊಸ ಕಾಲೇಜಿನಲ್ಲಿ ಐದು ವಾರ ತರಗತಿಗೆ ಹೋದೆ. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರುಗಳೆಲ್ಲ ಅಚ್ಚಾಗಿದ್ದವು, ನನ್ನ ಹೆಸರು ಮಾತ್ರ ಪುಟದ ಕೊನೆಯಲ್ಲಿ ಪೆನ್ಸಿಲ್‌ನಲ್ಲಿತ್ತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಪರೀಕ್ಷೆಗೆ ನೋಂದಾಯಿಸುವ ವೇಳೆಗೆ ಗೊತ್ತಾಯಿತು: ಆ ವಿಭಾಗಕ್ಕೆ ಮಂಜೂರಾದ ಸೀಟುಗಳಲ್ಲಿ ಒಂದೂ ಖಾಲಿ ಇರಲಿಲ್ಲ, ನನ್ನ ವರ್ಗಾವಣೆಗೆ ವಿಶ್ವವಿದ್ಯಾಲಯದ ಅನುಮೋದನೆ ಬಂದೇ ಇರಲಿಲ್ಲ. ಮೇಲಾಗಿ ಸ್ವಾಯತ್ತ ಕಾಲೇಜಿನ ಪಠ್ಯಕ್ರಮವೇ ಬೇರೆಯಾದ್ದರಿಂದ, ನಾನು ಪಾಸಾಗಿದ್ದ ಎರಡು ವಿಷಯಗಳು ಅಲ್ಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಳೆಯ ಕಾಲೇಜಿಗೆ ಓಡಿದರೆ, ಟಿ.ಸಿ. ಕೊಟ್ಟ ಮೇಲೆ ಹೆಸರು ತೆಗೆದಾಗಿದೆ, ಮುಂದಿನ ವರ್ಷ ಬನ್ನಿ ಎಂದರು. ಅಪ್ಪ ಆ ದಿನ ಬಸ್ಸಿನಲ್ಲಿ ಊರು ಬರುವವರೆಗೂ ಒಂದು ಮಾತೂ ಆಡಲಿಲ್ಲ.

ನೀವು ಹೋಗಲೇಬೇಕೆಂದಿದ್ದರೆ, ಖಾಲಿ ಸೀಟು ಇದೆಯೆಂದು ಹೊಸ ಕಾಲೇಜಿನ ಪ್ರಾಂಶುಪಾಲರ ಸಹಿಯುಳ್ಳ ಪತ್ರವನ್ನೂ ಎರಡೂ ಕಾಲೇಜುಗಳ ನಿರಾಕ್ಷೇಪಣಾ ಪತ್ರಗಳನ್ನೂ ಮೊದಲು ಪಡೆಯಿರಿ, ವಿಶ್ವವಿದ್ಯಾಲಯದ ಅನುಮೋದನೆಯ ಪ್ರತಿ ನಿಮ್ಮ ಕೈಗೆ ಬರುವವರೆಗೂ ಹಳೆಯ ಕಾಲೇಜಿನಲ್ಲೇ ತರಗತಿಗೆ ಹಾಜರಾಗಿ. ನಿಮ್ಮ ಯಾವ ವಿಷಯಗಳಿಗೆ ಅಲ್ಲಿ ಮಾನ್ಯತೆ ಸಿಗುತ್ತದೆ, ಸಿಇಟಿ ಶುಲ್ಕವೇ ಮುಂದುವರಿಯುತ್ತದೆಯೇ ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ.

ಬಾಕಿ ಶುಲ್ಕದ ನೆಪದಲ್ಲಿ ಬೆಂಗಳೂರಿನ ಕಾಲೇಜು ನನ್ನ ಹತ್ತನೇ ತರಗತಿ ಮತ್ತು ಪಿಯುಸಿ ಅಂಕಪಟ್ಟಿಗಳನ್ನು ತಡೆದಿಟ್ಟುಕೊಂಡಿತ್ತು. ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಉಲ್ಲೇಖಿಸಿ ಪತ್ರ ಕೊಟ್ಟ ಮೇಲೆ ಅವು ವಾಪಸಾದವು. ಕಟ್ಟಿದ ಹಣ ಇನ್ನೂ ಬಂದಿಲ್ಲ; ಅದಕ್ಕೂ ಅರ್ಜಿ ಕೊಟ್ಟಿದ್ದೇವೆ, ಈ ಸಲ ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೇವೆ.