ಷಿಕಾಗೊ ಮೇಯರ್ ಚುನಾವಣೆ: ಅಂಚೆ ಮತದ ಸೇವೆ ಹೇಗಿದೆ?

ದಾವಣಗೆರೆಯಿಂದ ಹೋಗಿ ಷಿಕಾಗೊದಲ್ಲಿ ನೆಲೆಸಿ, ಅಮೆರಿಕದ ಪೌರತ್ವ ಪಡೆದವರಿಗೆ ಅಲ್ಲಿನ ಅಂಚೆ ಮತದ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಫೆಬ್ರುವರಿ ಚಳಿಯಲ್ಲಿ ಸಾಲು ನಿಲ್ಲಬೇಕಿಲ್ಲ, ಕಾರಣವನ್ನೂ ಹೇಳಬೇಕಿಲ್ಲ.

ನಮ್ಮ ಪಾಲಿಕೆಯಲ್ಲಿ 45 ವಾರ್ಡ್‌ಗಳ ಸದಸ್ಯರು ಆರಿಸಿ ಬಂದು, ಸಭೆಯಲ್ಲಿ ಕೈ ಎತ್ತಿ ಮೇಯರ್ ಆರಿಸುತ್ತಾರೆ. ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ, ಚಿಹ್ನೆಯೂ ಇಲ್ಲ. ಚಿಹ್ನೆ ನೋಡಿ ಒತ್ತುವ ರೂಢಿಯವರು ಹೆಸರುಗಳನ್ನು ಮೊದಲೇ ಓದಿಟ್ಟುಕೊಳ್ಳಬೇಕು. 2023ರಲ್ಲಿ ಕಣದಲ್ಲಿದ್ದವರೇ 9 ಮಂದಿ.

ಜನ ಎಡವುವುದು ಲಕೋಟೆಯಲ್ಲಿ. ವಾಪಸ್ ಕಳಿಸುವ ಲಕೋಟೆಯ ಮೇಲೆ ಸಹಿ ಬೇಕೇ ಬೇಕು, ಅದು ನೋಂದಣಿಯಲ್ಲಿರುವ ಸಹಿಗೆ ಹೊಂದಬೇಕು. ನೋಂದಣಿಯಲ್ಲಿ ಕನ್ನಡದಲ್ಲಿ, ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಸಹಿ ಹಾಕಿದರೆ ತಕರಾರು ಬರಬಹುದು. ತಿರಸ್ಕರಿಸಿದರೆ ತಿಳಿಸುತ್ತಾರೆ, ಸರಿಪಡಿಸಲು ಮತದಾನದ ದಿನದ ನಂತರ 14 ದಿನದವರೆಗೆ ಗಡುವಿದೆ. ಈ ವ್ಯವಸ್ಥೆ ನಿಜಕ್ಕೂ ಮೆಚ್ಚಬೇಕಾದ್ದು.

ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದಿದ್ದರೆ ಮೊದಲಿಬ್ಬರ ನಡುವೆ ಏಪ್ರಿಲ್‌ನಲ್ಲಿ ಮತ್ತೊಂದು ಸುತ್ತು. 2023ರಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದವರು ಪಾಲ್ ವಾಲಸ್. ಗೆದ್ದವರು ಬ್ರಾಂಡನ್ ಜಾನ್ಸನ್. ಆಗಿನ ಮೇಯರ್ ಲೋರಿ ಲೈಟ್‌ಫುಟ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಹಾಗಾಗಿ ಅರ್ಜಿ ಹಾಕುವಾಗಲೇ ಎರಡನೇ ಸುತ್ತಿಗೂ ಕೇಳಿಕೊಳ್ಳಿ, ಇಲ್ಲವೇ ಅಂಚೆ ಮತದಾರರ ಕಾಯಂ ಪಟ್ಟಿಗೆ ಹೆಸರು ಸೇರಿಸಿ.

ಒಂದು ಕೊರತೆ: ಮತದಾನದ ದಿನದೊಳಗಿನ ಅಂಚೆ ಮುದ್ರೆ ಇದ್ದರೆ 14 ದಿನದವರೆಗೂ ಬಂದ ಮತ ಎಣಿಸುತ್ತಾರೆ. ಪೈಪೋಟಿ ಬಿಗಿಯಿದ್ದರೆ ಫಲಿತಾಂಶಕ್ಕೆ ಕಾಯಬೇಕು. ಮುದ್ರೆ ಮರುದಿನದ್ದಾದರೆ ಮತ ಹೋಯಿತು. ಕೊನೆಯ ವಾರವಾದರೆ ಅಂಚೆಗೆ ಹಾಕಬೇಡಿ. ಮುಂಗಡ ಮತದಾನ ಕೇಂದ್ರದ ಪೆಟ್ಟಿಗೆಗೇ ಹಾಕಿ.